ಬೆಣೆ ಮುಟ್ಟಿ ಹೇಳು

ಆಗ ನನಗೆ ಹತ್ತು ವರ್ಷ. ಈಗ ಎಪ್ಪತ್ತಮೂರು. ಅರವತ್ತಮೂರು ವರ್ಷದ ಹಿಂದಿನ ಮಾತು ಇದು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದು ಅಂದರೆ ನನಗೆ ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ, ಒಂದೊಂದೇ ಅಕ್ಷರ. ಹಾಗಾಗಿ ಬೇಡದ್ದನ್ನು ಬರೆಯುವ ಚಟ ಇಲ್ಲ.

ನಮ್ಮ ಮನೆ ಗುತ್ತಲದಿಂದ ಗಳಗನಾಥದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ಮುಂದೆ ಕಟ್ಟೆ, ಬಾಗಿಲು ದಾಟಿದರೆ ಎಡಕ್ಕೆ ಎರಡು ಎತ್ತು ಒಂದು ಎಮ್ಮೆ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ. ಅಡಿಗೆಮನೆಗೆ ಬೆಳಕು ಬರುತ್ತಿದ್ದದ್ದು ಮೇಲಿನ ಬೆಳಕಿಂಡಿಯಿಂದ ಮಾತ್ರ. ಬೆಳಿಗ್ಗೆ ಆ ಬೆಳಕು ಒಲೆಯ ಪಕ್ಕ ಬಿದ್ದರೆ ಆಯಿ ರೊಟ್ಟಿಗೆ ಹಿಟ್ಟು ನಾದಲು ಕೂರಬೇಕು, ಪುಂಡಿಪಲ್ಯದ ಗಡಿಗೆಗೆ ಬಂದರೆ ಊಟ ಹೊಲಕ್ಕೆ ಹೊರಡಬೇಕು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಆ ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. ಅವ್ವ ತಲೆಯ ಮೇಲಿನ ಸೆರಗು ಜಾರದ ಹಾಗೆ ನೋಡಿಕೊಂಡು ತನಗೆ ಬೇಕಾದ್ದನ್ನು ಮಾಡುತ್ತಿದ್ದಳು. ಇಬ್ಬರೂ ಜಗಳ ಆಡುತ್ತಿದ್ದದ್ದು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುವಾಗ. ಆಗ ಇಬ್ಬರ ಕಣ್ಣಲ್ಲೂ ನೀರು ಇರುತ್ತಿತ್ತು, ಯಾರು ಅತ್ತರು ಅಂತ ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ.

ಅಪ್ಪ ಬಂಗಾರದ ಗಣಿಯಲ್ಲಿದ್ದ. ವರ್ಷಕ್ಕೆ ಎರಡು ಸಲ ರೈಲಿನಲ್ಲಿ ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಊರಿಗೆ ಬರುತ್ತಿದ್ದ. ಬಂದವನ ಹತ್ತಿರ ನಾನು ಮೂರು ದಿನ ಹೋಗುತ್ತಿರಲಿಲ್ಲ, ನಾಲ್ಕನೆಯ ದಿನ ಅವನೇ ಹೊರಡುತ್ತಿದ್ದ. ಆ ವರ್ಷ ಮಳೆಗಾಲದ ಮುಂಚೆ ಬಂದವನು ತಿರುಗಿ ಹೋಗಲಿಲ್ಲ. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಕೆಮ್ಮು ಇತ್ತು. ಊರವರು ಕಟ್ಟೆಯ ಮೇಲೆ ಬಂದು ಕೂತರು. ಎಲ್ಲರಿಗೂ ಬಂಗಾರದ ಮಾತು ಬೇಕಿತ್ತು.

“ಫಕ್ಕೀರಾ, ಬಂಗಾರ ಗ್ವಾಡ್ಯಾಗ ಹೆಂಗ ಕಾಣತೈತೋ?”

“ನಾ ನೋಡಿಲ್ಲ.”

“ಹದಿನಾಲ್ಕ ವರ್ಷ ಮತ್ತ ಏನ ನೋಡಿದ್ಯೋ ಮಾರಾಯಾ?”

“ಮ್ಯಾಲ ನೋಡಿದೆ.”

ಜನ ನಕ್ಕರು. ಆದರೆ ಅವನು ಇದ್ದದ್ದನ್ನೇ ಹೇಳಿದ್ದ. ಬಂಗಾರ ಅಗೆಯುವವರು ಬೇರೆ. ಅಪ್ಪನ ಕೆಲಸ ಅವರ ತಲೆಯ ಮೇಲಿನದು ಬೀಳದಂತೆ ನೋಡಿಕೊಳ್ಳುವುದು. ಭೂಮಿಯ ಒಳಗೆ ಅವರು ಅಗೆದ ಹಾಗೆಲ್ಲ ಇವನು ಕಟ್ಟಿಗೆಯ ಕಂಬ ನಿಲ್ಲಿಸಬೇಕು, ಕಂಬದ ಮೇಲೆ ಅಡ್ಡ ಹಲಗೆ ಇಡಬೇಕು, ಹಲಗೆಗೂ ಕಂಬದ ತಲೆಗೂ ನಡುವೆ ಬೆಣೆ ಬಡಿಯಬೇಕು. ಬೆಣೆ ಕಚ್ಚಿದರೆ ಕಂಬ ಮೇಲಿನ ಭಾರ ಹೊರುತ್ತದೆ. ಕಚ್ಚದಿದ್ದರೆ ಅದು ಬರೇ ನಿಂತ ಕಟ್ಟಿಗೆ. ಕಬ್ಬಿಣದ ಕಂಬಕ್ಕಿಂತ ಕಟ್ಟಿಗೆಯದೇ ಅವನಿಗೆ ಮೇಲು. “ಕಟ್ಟಿಗಿ ಮುರಿಯೂ ಮುಂಚೆ ಮಾತಾಡತೈತಿ, ಕಬ್ಬಣ ಮಾತಾಡಂಗಿಲ್ಲ” ಅನ್ನುತ್ತಿದ್ದ.

ಮನೆಗೆ ಬಂದ ಮರುದಿನ ಎದ್ದವನೇ ಮಾರುದ್ದದ ಕಬ್ಬಿಣದ ಸಲಾಕೆ ಹಿಡಿದು ನಮ್ಮ ಮಾಳಿಗೆಯನ್ನು ಕೆಳಗಿನಿಂದ ಕುಟ್ಟುತ್ತ ಹೊರಟ. ಒಂದು ಏಟು, ಕಿವಿ ಕೊಡುವುದು, ಒಂದು ಹೆಜ್ಜೆ. ಗಣಿಯಲ್ಲಿ ಗಟ್ಟಿ ಕಲ್ಲು ಟಣ್ ಅನ್ನುತ್ತದಂತೆ, ಸಡಿಲಾದದ್ದು ಬೊದ್ ಅನ್ನುತ್ತದಂತೆ. ಮಣ್ಣಿನ ಮಾಳಿಗೆ ಎಲ್ಲಿ ಕುಟ್ಟಿದರೂ ಬೊದ್ ಅಂತಲೇ ಅನ್ನುತ್ತದೆ. ಅಪ್ಪನ ಲೆಕ್ಕದಲ್ಲಿ ನಮ್ಮ ಇಡೀ ಮನೆ ಅವತ್ತೇ ಬೀಳಬೇಕಿತ್ತು. ಅಡಿಗೆಮನೆಯಲ್ಲಿ ಕುಟ್ಟಿದಾಗ ಮಣ್ಣು ಉದುರಿ ನಾದಿದ ಹಿಟ್ಟಿಗೆ ಬಿತ್ತು.

“ಏ ಫಕ್ಕೀರಾ! ನಿಮ್ಮಪ್ಪ ಕಟ್ಟಿದ ಮನಿ ಇದು, ನಿನ್ನ ಗಣಿ ಅಲ್ಲ. ಹಿಟ್ಟಿನ್ಯಾಗ ಮಣ್ಣ ಕೆಡವಿದಿ, ಇದನ್ನ ಯಾರ ತಿನ್ನಬೇಕು?”

“ಬಿದ್ದ ಮ್ಯಾಲ ತಿನ್ನಾಕ ಬಾಯಿ ಇರಬೇಕಲ್ಲಬೇ.”

ಅವನು ಕೇಳಲಿಲ್ಲ. ಜಾಲಿಯ ಕಂಬ ತಂದು ಪಡಸಾಲೆಯಲ್ಲಿ ಎರಡು, ಅಡಿಗೆಮನೆಯ ನಟ್ಟ ನಡುವೆ ಒಂದು ನಿಲ್ಲಿಸಿದ. ಅವ್ವ ಸಾರಿನ ಗಡಿಗೆ ಹಿಡಿದು ತಿರುಗಿದರೆ ಸೊಂಟಕ್ಕೆ ಕಂಬ. ಎಂಟು ದಿನ ಬೈದಳು, ಒಂಬತ್ತನೆಯ ದಿನ ಅದಕ್ಕೊಂದು ಮೊಳೆ ಹೊಡೆದು ಉಳ್ಳಾಗಡ್ಡಿ ಜೋತು ಹಾಕಿದಳು. ಓಣಿಯವರು ಅವನಿಗೆ ಕಂಬದ ಫಕ್ಕೀರ ಅಂತ ಹೆಸರಿಟ್ಟರು. ದುಡಿಯುವ ಗಂಡಸು ಕೈ ಮುರಿದುಕೊಂಡು ಬಂದು ಹೆಂಗಸರ ಅಡಿಗೆಮನೆಯಲ್ಲಿ ಕಂಬ ನೆಡುತ್ತಾನೆ ಅಂತ ನಗು. ನನಗೂ ನಾಚಿಕೆ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಮಾರ್ನಮಿ ಹಬ್ಬ ಬಂತು. ಆ ಹಬ್ಬಕ್ಕೆ ಮನೆಯ ಗೋಡೆಗೆಲ್ಲ ಬಿಳಿಮಣ್ಣು ಸಾರಿಸಬೇಕು. ಆ ಮಣ್ಣು ಹಳ್ಳದ ದಂಡೆಯ ದಿನ್ನೆಯಲ್ಲಿತ್ತು. ತಲೆತಲಾಂತರದಿಂದ ಹೆಂಗಸರು ಅಗೆದು ಅಗೆದು ಅದು ಗವಿ ಆಗಿತ್ತು. ಬಾಯಲ್ಲಿ ಬಗ್ಗಿ ಹೋಗಬೇಕು, ನಡುವೆ ಕೂತುಕೊಳ್ಳಬಹುದು, ಕೊನೆಯಲ್ಲಿ ಅಂಬೆಗಾಲು. ಒಳ್ಳೆಯ ಮಣ್ಣು ಯಾವತ್ತೂ ಕೊನೆಯಲ್ಲೇ. ಅದಕ್ಕೆ ಪ್ರತಿ ವರ್ಷ ಒಂದಿಷ್ಟು ಒಳಗೆ ಹೋಗುತ್ತಿದ್ದರು. ನಾನು ಹುಟ್ಟುವ ಮುಂಚೆ ಅಲ್ಲಿ ಮಣ್ಣು ಕುಸಿದು ಒಬ್ಬಳು ಸತ್ತಿದ್ದಳು. ಅವಳ ಹೆಸರಿನಲ್ಲಿ ವರ್ಷಕ್ಕೊಂದು ಕುಪ್ಪಸದ ಖಣ ಗವಿಯ ಬಾಯಲ್ಲಿಟ್ಟು ಅಲ್ಲಿಗೇ ಇಳಿಯುತ್ತಿದ್ದರು. ಗವಿ ಅಂದರೆ ಭೂಮಿತಾಯಿಯ ಹೊಟ್ಟೆ, ಗಂಡಸರು ಕಾಲಿಡಬಾರದು, ಬಾಯಿಗೆ ಎದುರಾಗಿ ಕೂಡಬಾರದು. ಇದು ಕಟ್ಟಳೆ. ಕಟ್ಟಳೆ ಕಾಯುವವಳು ನಮ್ಮ ಆಯಿ. ಕೊನೆಯಲ್ಲಿ ಕೂತು ಗುದ್ದಲಿ ಹಾಕುವವಳೂ ಅವಳೇ. ಬೇರೆಯವರು ಅಗೆದ ಮಣ್ಣು ಅವಳ ಮನಸ್ಸಿಗೆ ಬರುತ್ತಿರಲಿಲ್ಲ.

ಅಪ್ಪ ಊಟಕ್ಕೆ ಕೂತಾಗ ಅವ್ವ ಬಾಯಿ ತಪ್ಪಿ ಗವಿಯ ಆಳ ಹೇಳಿದಳು. ಅವನ ಕೈಯ ರೊಟ್ಟಿ ಅಲ್ಲೇ ನಿಂತಿತು.

“ಆರು ಮಾರು? ಮ್ಯಾಲ ಏನೈತಿ?”

“ಮ್ಯಾಲ ಮಣ್ಣ ಐತಿ, ಮತ್ತೇನ ಇರತೈತ್ರಿ.”

“ಈ ವರ್ಷ ಮಳಿ ಕುಡದ ಮಣ್ಣು.” ಆಯಿಯ ಕಡೆ ತಿರುಗಿದ. “ಬೇ, ನಾಕ ಕಂಬ ಹಾಕಿ ಕೊಡ್ತೇನಿ, ಆಮ್ಯಾಲ ಹೋಗು.”

ಆಯಿ ತಾಟು ಸರಿಸಿದಳು. “ತಾಯಿ ಹೊಟ್ಟ್ಯಾಗ ಗೂಟ ಬಡೀತಿಯೇನೋ? ನಾ ಹಡದೇನಿ, ಹೆಂಗ ಆಗತೈತಿ ಅಂತ ನನಗ ಗೊತ್ತೈತಿ. ಗಂಡಸಿನ ಕಾಲೂ ಬ್ಯಾಡ, ಗಂಡಸಿನ ಕಂಬಾನೂ ಬ್ಯಾಡ.”

ಅಪ್ಪ ಎರಡು ದಿನ ಉಣ್ಣಲಿಲ್ಲ. ಸಿಟ್ಟಿನಿಂದ ಅಲ್ಲ, ಹೆದರಿಕೆಯಿಂದ. ಸಲಾಕೆ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಮೂರನೆಯ ದಿನ ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಒಂದು ದಾರಿ ತೆಗೆದಳು.

“ಅತ್ತೀ, ಕಂಬ ಗಂಡಸು ಅಂತ ಯಾರ ಹೇಳಿದ್ರು? ಸೀರಿ ಉಡಿಸಿದ್ರ ಹೆಂಗಸು. ನಾವ ನಿಂದ್ರಸ್ತೇವಿ, ಅವರು ಹೊರಗ ಇರಲಿ.”

ಆಯಿ ನಾಲ್ಕು ಮೆಣಸಿನಕಾಯಿಯ ತೊಟ್ಟು ಮುರಿದಳು. ಆಮೇಲೆ ಕೇಳಿದಳು: “ಬಳಿ?”

“ಬಳೀನೂ ಹಾಕೂಣು. ಅರಿಶಿಣ ಕುಂಕುಮಾನೂ ಹಚ್ಚೂಣು.”

ಹೀಗೆ ನಾಲ್ಕು ಜಾಲಿಯ ಕಂಬ ಹೆಂಗಸರಾದವು. ಅಗೆಯುವ ಹಿಂದಿನ ದಿನ ನಾನು, ಅವ್ವ, ಆಯಿ ಅವನ್ನು ಗವಿಯಲ್ಲಿ ನಿಲ್ಲಿಸಿದೆವು. ಅಪ್ಪ ಬೇವಿನ ಗಿಡದ ಕೆಳಗೆ ಗವಿಗೆ ಬೆನ್ನು ಕೊಟ್ಟು ಕೂತು ಒದರಿ ಹೇಳುವುದು, ನಾನು ಒಳಗೆ ಹೊರಗೆ ಓಡಿ ಮಾತು ಮುಟ್ಟಿಸುವುದು. ಸಲಾಕೆಯಿಂದ ಕುಟ್ಟಿ, ದನಿ ಕೇಳಿ, ಎಲ್ಲಿ ಪೊಳ್ಳು ಅನ್ನಿಸಿತೋ ಅಲ್ಲಿ ಕಂಬ. ಅವ್ವ ಕಟ್ಟಿಗೆಯ ಕೊಡತಿಯಿಂದ ಬೆಣೆ ಬಡಿದಳು. ಅವಳ ತೋಳಿಗೆ ಶಕ್ತಿ ಇತ್ತು, ಬೆಣೆ ಕಚ್ಚಿದಾಗ ಕಂಬದಿಂದ ಒಂದು ಗಟ್ಟಿ ದನಿ ಬಂತು, ನನಗೂ ಗೊತ್ತಾಯಿತು. ಆಮೇಲೆ ಸೀರೆ ಉಡಿಸುವುದು. ಹಳೇ ಇಳಕಲ್ ಸೀರೆ ಹರಿದು ನಾಲ್ಕು ತುಂಡು ಮಾಡಿದ್ದೆವು. ಸೊಂಟಕ್ಕೆ ಸುತ್ತಿದ ಮೇಲೆ ಆಯಿ ತಕರಾರು ತೆಗೆದಳು: ತಲೆಯ ಮೇಲೆ ಸೆರಗು ಎಲ್ಲಿ?

“ಅತ್ತೀ, ಇವರು ಮನೀ ಮಗಳಂದ್ರು. ತವರಮನ್ಯಾಗ ಸೆರಗು ಯಾಕ?” ಅಂದಳು ಅವ್ವ. ತಲೆಯ ಮೇಲೆ ಬಟ್ಟೆ ಹಾಕಬೇಕಾದರೆ ಬೆಣೆ ತೆಗೆಯಬೇಕು, ಅದು ಅವಳಿಗೆ ಗೊತ್ತಿತ್ತು.

“ನಾಲ್ಕೂ ಮಗಳಂದ್ರೇನು? ಒಬ್ಬಾಕಿಯಾರ ಸೊಸಿ ಬೇಕಲ್ಲ ಮನೀಗೆ. ಕೆಲಸಾ ಯಾರ ಮಾಡಬೇಕು?”

ಅವ್ವ ನಕ್ಕು ಬುಟ್ಟಿ ತರಲು ಹೊರಗೆ ಹೋದಳು. ಅಷ್ಟರಲ್ಲಿ ಆಯಿ ಕೊನೆಯ ಕಂಬದ ಹತ್ತಿರ ಹೋಗಿ, ಗುದ್ದಲಿಯ ಹಿಡಿಕೆಯಿಂದ ಬೆಣೆ ಹೊರಗೆ ತಳ್ಳಿ, ಕಂಬದ ತಲೆಯ ಮೇಲೆ ಎರಡು ಮಡಿಕೆ ಸೆರಗು ಹೊದಿಸಿ, ಬೆಣೆಯನ್ನು ತಿರುಗಿ ಅಂಗೈಯಿಂದ ಒತ್ತಿ ಕೂರಿಸಿದಳು. ನಾನು ಚಿಮಣಿ ದೀಪ ಹಿಡಿದು ಕೂತಿದ್ದೆ. ಎಲ್ಲಾ ನೋಡಿದೆ. ಗಟ್ಟಿ ದನಿ ಬರಲಿಲ್ಲ. ಯಾವ ದನಿಯೂ ಬರಲಿಲ್ಲ. ಹೊರಗಿನಿಂದ ಅಪ್ಪ ಕೇಳಿದ:

“ನಿಂಗೀ, ನಾಲ್ಕೂ ಬೆಣಿ ಕಚ್ಯಾವೇನು?”

ಆಯಿ ನನ್ನ ಮುಖ ನೋಡಿದಳು. ನಾನು ಆಯಿಯ ಮುಖ ನೋಡಿದೆ.

“ಹ್ಞೂಂ ಅಪ್ಪಾ.”

ಮರುದಿನ ಏಳು ಮಂದಿ ಹೆಂಗಸರು ಬಂದರು. ಕಂಬಗಳನ್ನು ನೋಡಿ ಬಿದ್ದು ಬಿದ್ದು ನಕ್ಕರು. ನಮ್ಮ ಬಾಜೂಮನೆಯ ಗಂಗವ್ವ ಎರಡನೆಯ ಕಂಬದ ಗಲ್ಲ ಹಿಡಿದು, “ಏನವಾ, ಯಾವಾಗ ಬಂದಿ? ಗಂಡನ ಮನ್ಯಾಗ ಉಣ್ಣಾಕ ಹಾಕವಲ್ಲರೇನು, ಇಷ್ಟ ಸೊರಗೀದಿ” ಅಂದಳು. ಆಯಿ ಕೊನೆಯಲ್ಲಿ ಕೂತಳು, ಅವಳ ಹಿಂದೆ ನಾನು, ನನ್ನ ಹಿಂದೆ ಉಳಿದವರು ಸಾಲಾಗಿ. ಅವ್ವ ಬಾಯಲ್ಲಿ. ತುಂಬಿದ ಬುಟ್ಟಿ ಕೈಯಿಂದ ಕೈಗೆ ಹೊರಗೆ, ಖಾಲಿ ಬುಟ್ಟಿ ಕೈಯಿಂದ ಕೈಗೆ ಒಳಗೆ. ಹನ್ನೊಂದು ಬುಟ್ಟಿ ಹೋದವು. ನನ್ನ ಕಣ್ಣು ಮಣ್ಣಿನ ಮೇಲೆ ಇರಲಿಲ್ಲ, ಆ ಸೆರಗಿನ ಮೇಲಿತ್ತು. ಹನ್ನೆರಡನೆಯ ಬುಟ್ಟಿ ತುಂಬುವಾಗ ಸೆರಗಿನಿಂದ ಸಣ್ಣಗೆ ಪುಡಿ ಉದುರಿತು. ಆಮೇಲೆ ನನ್ನ ಪಕ್ಕದ ಮೂರನೆಯ ಕಂಬ ಕಿರ್ ಅಂತು. ಹೊಸ ಚಪ್ಪಲಿಯಂಥ ದನಿ. ಕೊನೆಯ ಕಂಬ ಹೊರದ ಭಾರ ಇದರ ಮೇಲೆ ಬಂದಿತ್ತು.

“ಕಂಬ ಮಾತಾಡ್ತು. ಹೊರಗ ನಡೀರಿ” ಅಂದೆ.

“ಏನಂದ್ಲಂತ ನಿಮ್ಮಕ್ಕ? ಬಳಿ ಬಿಗೀ ಆದ್ವಂತೇನು?” ಅಂದಳು ಗಂಗವ್ವ. ಎಲ್ಲರೂ ನಕ್ಕರು.

ಇನ್ನೊಂದು ಸಲ ಕಿರ್ ಅಂತು. ಕಟ್ಟಿಗೆಯ ಮಾತಿಗೆ ಇವರು ಏಳುವುದಿಲ್ಲ ಅಂತ ನನಗೆ ಗೊತ್ತಾಯಿತು. ಇದ್ದಷ್ಟು ಗಂಟಲಿನಿಂದ ಒದರಿದೆ:

“ಹಾವೂ!”

ಗಂಗವ್ವನ ಮೈ ಎಷ್ಟು ಭಾರ ಇತ್ತೋ ಅಷ್ಟೇ ಲಗೂ ಹೊರಗೆ ಹೋದಳು. ಅವಳ ಹಿಂದೆ ಉಳಿದವರೂ. ಆದರೆ ಆಯಿ ಏಳಲಿಲ್ಲ. ಗುದ್ದಲಿ ಕೆಳಗಿಟ್ಟು ಕೈ ಮುಗಿದಳು. “ನಾಗಪ್ಪಾ, ಹಬ್ಬಕ್ಕ ಮಣ್ಣ ಒಯ್ಯಾಕ ಬಂದೇವಿ. ನಿನ್ನ ದಾರಿ ನೀ ಹಿಡಿಯಪ್ಪಾ” ಅಂತ ಕತ್ತಲೆಗೆ ಹೇಳುತ್ತಿದ್ದಳು. ನಾನು ಓಡಬಹುದಿತ್ತು. ಧೈರ್ಯದಿಂದ ನಿಂತೆ ಅಂತ ಹೇಳುವುದಿಲ್ಲ. ಅಪ್ಪನಿಗೆ ಹ್ಞೂಂ ಅಂದವಳು ನಾನು, ಕಾಲು ಬರಲಿಲ್ಲ ಅಷ್ಟೇ.

“ಆಯೀ, ಹಾವಿಲ್ಲ. ಬೆಣಿ ಕಚ್ಚಿಲ್ಲ. ನಾ ಅಪ್ಪಗ ಸುಳ್ಳ ಹೇಳೇನಿ.”

ಆಯಿ ಕೈ ಮುಗಿದುಕೊಂಡೇ ಮೇಲೆ ನೋಡಿದಳು. ಅಷ್ಟು ವರ್ಷ ಆ ಗವಿಯಲ್ಲಿ ಅಗೆದವಳು ಮೇಲೆ ನೋಡಿದ್ದು ಅದೇ ಮೊದಲ ಸಲ ಇರಬೇಕು. ಸೆರಗಿನ ಬಟ್ಟೆ ಜಾರುತ್ತಿತ್ತು. ಅಂಬೆಗಾಲಲ್ಲಿ ಎಂಟು ತಿಂಗಳ ಕೂಸಿನ ಹಾಗೆ ಬಂದಳು. ಮೂರನೆಯ ಕಂಬ ದಾಟುವಾಗ ಕೊನೆಯದು ಬಿತ್ತು. ದೊಡ್ಡ ಸಪ್ಪಳ ಏನೂ ಇಲ್ಲ. ಹಸಿ ಚೀಲ ಗಾಡಿಯಿಂದ ಕೆಳಗೆ ಹಾಕಿದ ಹಾಗೆ ಧಪ್ ಅಂತು. ಚಿಮಣಿ ಆರಿತು. ಬಾಯಿ ಮೂಗು ತುಂಬ ಮಣ್ಣು. ಆಯಿಯ ಎಡಗಾಲು ಮೊಳಕಾಲಿನ ತನಕ ಮಣ್ಣಿನಲ್ಲಿ ಸಿಕ್ಕಿತು. ನಾನು ಕೈಗೆ ಸಿಕ್ಕ ಮೂರನೆಯ ಕಂಬ ಅಪ್ಪಿಕೊಂಡೆ. ಅದು ಒಳಗೊಳಗೇ ಮಾತಾಡುತ್ತಿತ್ತು. ನನ್ನ ಎದೆಗೆ ತಾಗುತ್ತಿತ್ತು.

ಆಗ ಕೇಳಿಸಿತು. ಒಂದು ಏಟು. ಸುಮ್ಮನೆ. ಇನ್ನೊಂದು ಏಟು. ಅಪ್ಪ ಗವಿಯ ಬಾಯಿಯಿಂದ ಸಲಾಕೆ ಕುಟ್ಟುತ್ತ ಬರುತ್ತಿದ್ದ. ಹೊರಗೆ ಗಂಗವ್ವ ಎದೆ ಬಡಿದುಕೊಂಡು ಒದರುವುದು ಒಳಗೆ ಕೇಳುತ್ತಿತ್ತು: “ಹಡದ ತಾಯಿ ಒಳಗದಾಳ, ಮಗಳು ಒಳಗದಾಳ, ಇಂವ ನೋಡ್ರಿ, ಬಡಕೋಂತ ಹೊಂಟಾನ! ಓಡಬಾರದೇನೋ?” ಅಪ್ಪ ಓಡಲಿಲ್ಲ. ಒಂದು ಏಟು, ಕಿವಿ ಕೊಡುವುದು, ಒಂದು ಹೆಜ್ಜೆ. ಮನೆಯಲ್ಲಿ ನನಗೆ ನಾಚಿಕೆ ತರಿಸುತ್ತಿದ್ದ ಅದೇ ಸಪ್ಪಳ. ಅವತ್ತು ಅದನ್ನು ಕೇಳಿ ನನ್ನ ಉಸಿರು ಕೆಳಗೆ ಇಳಿಯಿತು. ಬಂದವನು ನಮ್ಮನ್ನು ಮುಟ್ಟಲಿಲ್ಲ. ಮೊದಲು ಕಂಬದ ತಲೆ ತಡವಿ, ಸೊಂಟದಿಂದ ಇನ್ನೊಂದು ಬೆಣೆ ತೆಗೆದು, ಸಲಾಕೆಯ ಹಿಂಬದಿಯಿಂದ ಬಡಿದ. ಕಂಬ ಸುಮ್ಮನಾಯಿತು. ಆಮೇಲೆ ಕೂತು ಮೂರು ಬೆರಳಿನ ಕೈಯಿಂದಲೂ ಐದು ಬೆರಳಿನ ಕೈಯಿಂದಲೂ ಆಯಿಯ ಕಾಲು ಬಿಡಿಸಿದ.

“ಗಂಡಸು ಒಳಗ ಬಂದಿ” ಅಂದಳು ಆಯಿ.

“ಹೊರಗ ಹೋಗ್ಲೇನಬೇ?”

“ಕಾಲ ಬಿಡಿಸಿ ಹೋಗು.”

ಹೊರಗೆ ಬಂದಾಗ ಅವ್ವ ನನ್ನ ಮೈಯ ಮೂಳೆಗಳನ್ನೆಲ್ಲ ಮುಟ್ಟಿ ನೋಡಿ, ಎಲ್ಲವೂ ಇದ್ದಾವೆ ಅಂತ ಗೊತ್ತಾದ ಮೇಲೆ ಬೆನ್ನಿಗೆ ಒಂದು ಗುದ್ದು ಹಾಕಿದಳು. ಗಂಗವ್ವ ತಲೆ ಎಣಿಸಿದಳು, ಗಾಬರಿಯಲ್ಲಿ ತನ್ನನ್ನು ಬಿಟ್ಟು ಎಣಿಸಿ ಒಬ್ಬಳು ಕಡಿಮೆ ಅಂತ ಮತ್ತೆ ಅಳಲು ಶುರು ಮಾಡಿದಳು. ಆಗ ಎಲ್ಲರಿಗೂ ನಗು ಬಂತು. ಆ ನಗು ನಿಲ್ಲಲೇ ಇಲ್ಲ. ಹಳ್ಳದ ದಂಡೆಯಲ್ಲಿ ಮೈತುಂಬ ಬಿಳಿಮಣ್ಣು ಮೆತ್ತಿಕೊಂಡು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಯಿ ಮಾತ್ರ ಗವಿಯ ಕಡೆ ನೋಡುತ್ತ, “ನನ್ನ ಬುಟ್ಟಿ ಒಳಗ ಉಳೀತು” ಅಂದಳು.

“ಹೋಗಲಿ ಬಿಡ್ರಿ ಅತ್ತೀ. ಸೊಸೀನೂ ಒಳಗ ಉಳದ್ಲು” ಅಂದಳು ಅವ್ವ.

ಆಮೇಲಿನ ವರ್ಷಗಳಲ್ಲಿ ಅಪ್ಪ ಗವಿಯ ಬಾಯಲ್ಲೇ ಕೂಡುತ್ತಿದ್ದ, ಗವಿಗೆ ಎದುರಾಗಿ. ಕಂಬಕ್ಕೆ ಸೀರೆ ಉಡಿಸುವುದು ಉಳಿಯಿತು, ಸೆರಗು ಹೋಯಿತು. ಎಲ್ಲರೂ ಮಗಳಂದಿರಾದರು. ಅಲ್ಲಿ ಮತ್ತೆ ಯಾರೂ ಸಾಯಲಿಲ್ಲ. ಈಗ ಗೋಡೆಗೆ ಪೇಂಟು ಬಂದಿದೆ, ಆ ಗವಿಯಲ್ಲಿ ಮುಳ್ಳುಹಂದಿ ಇದ್ದಾವಂತೆ. ರಾಣೆಬೆನ್ನೂರಿನಲ್ಲಿ ನನ್ನ ಮಗ ಮನೆ ಕಟ್ಟಿಸಿದಾಗ ಸ್ಲ್ಯಾಬ್ ಹಾಕುವ ದಿನ ಕೆಳಗಿನ ಸೆಂಟ್ರಿಂಗ್ ಕಂಬಗಳ ಬೆಣೆ ಒಂದೊಂದೇ ಮುಟ್ಟಿ ನೋಡಿದೆ. ಗೌಂಡಿ ನಕ್ಕ. ಎರಡು ಸಡಿಲ ಇದ್ದವು. ಆಮೇಲೆ ನಗಲಿಲ್ಲ.

ಗವಿ ಕುಸಿದ ದಿನ ಸಂಜೆ ದೀಪ ಹಚ್ಚುವ ಮುಂಚೆಯೇ ಊಟಕ್ಕೆ ಕೂತೆವು. ಅಪ್ಪ ಅಷ್ಟೂ ದಿನದ ಹಸಿವೆ ಒಮ್ಮೆಲೇ ಉಂಡ. ನಾಲ್ಕು ರೊಟ್ಟಿ, ಐದು ರೊಟ್ಟಿ. ನಾನು ಮಾತ್ರ ಒಂದೇ ರೊಟ್ಟಿ ಮುರಿಯುತ್ತ ಕೂತಿದ್ದೆ. ಅವನು ಕೈ ತೊಳೆದ ಮೇಲೆ ಹೇಳಿಬಿಟ್ಟೆ, ಬೆಣೆ ತೆಗೆದದ್ದು ನೋಡಿದ್ದೆ, ನೋಡಿಯೂ ಹ್ಞೂಂ ಅಂದೆ ಅಂತ.  ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು.

“ಹುಡುಗೀಗೆ ಏನೂ ಅನಬ್ಯಾಡ” ಅಂದಳು ಆಯಿ, ಗೋಡೆಯ ಕಡೆ ನೋಡುತ್ತ. “ನಾ ಕಣ್ಣ ಬಿಟ್ಟಿದ್ದೆ, ಅದಕ್ಕ ಹ್ಞೂಂ ಅಂದ್ಲು. ಸೆರಗು ಹಾಕಿದಾಕಿ ನಾನು.”

ಅಪ್ಪ ಸಿಟ್ಟಿಗೇಳಲಿಲ್ಲ. ಎಡಗೈ ನನ್ನ ಮುಂದೆ ಚಾಚಿದ.

“ಇದನ್ನ ನೋಡು. ಅಲ್ಲೂ ಒಬ್ಬಂವ ಹ್ಞೂಂ ಅಂದಿದ್ದ. ಬಾಜೂಕ ಸಾಹೇಬ ನಿಂತಿದ್ದ, ಅವನ ಮಾರಿ ನೋಡಿ ಹ್ಞೂಂ ಅಂದ. ನಾ ನಂಬಿ ಕೈ ಹಾಕಿದೆ.” ಕೆಮ್ಮಿದ. “ಯಾರರ ಕೇಳಿದ್ರ ಮಂದಿ ಮಾರಿ ನೋಡಿ ಹೇಳಬ್ಯಾಡ ತಂಗಿ. ಬೆಣಿ ಮುಟ್ಟಿ ಹೇಳು.”

ಅಷ್ಟೇ. ಎದ್ದು ಹೋಗಿ ಮಲಗಿದ. ಆ ಮಳೆಗಾಲದಲ್ಲಿ ಅವನು ಕೆಮ್ಮದೆ ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅವತ್ತೇ.

ಮರುದಿನ ಬೆಳಿಗ್ಗೆ ಬೆಳಕಿಂಡಿಯ ಬೆಳಕು ಒಲೆಯ ಪಕ್ಕ ಬೀಳುವ ಹೊತ್ತಿಗೆ ನಾನು ಮಾಳಿಗೆಯ ಏಣಿ ತಂದು ಅಡಿಗೆಮನೆಯ ಕಂಬಕ್ಕೆ ಆನಿಸಿ ಹತ್ತಿದೆ. ಕೆಳಗೆ ಆಯಿ ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಬೆಣೆಯ ಮೇಲೆ ಕೈ ಇಟ್ಟು ಅಲ್ಲಾಡಿಸಿದೆ. ಉಳ್ಳಾಗಡ್ಡಿಯ ಭಾರಕ್ಕೋ, ಅವ್ವನ ಸೊಂಟದ ಏಟಿಗೋ, ಅದು ಅಲುಗಾಡಿತು.

“ಅಪ್ಪಾ, ಇದು ಸಡ್ಲೈತಿ” ಅಂತ ಒದರಿದೆ. ಆಯಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಅಪ್ಪ ಬಂದು ಕೊಡತಿ ಕೈಗೆ ಕೊಟ್ಟ. ಒಂದು ಏಟು ಹಾಕಿದೆ. ಮೇಲಿನಿಂದ ಮಣ್ಣು ಉದುರಿತು. ಆಯಿ ಬೈಯಲಿಲ್ಲ. ತಾಟು ಎಳೆದು ಹಿಟ್ಟಿನ ಮೇಲೆ ಮುಚ್ಚಿದಳು. ನಾನು ಇನ್ನೊಂದು ಏಟು ಹಾಕಿದೆ.